ಸ್ಟಾರ್ಟ್ ಆದರೆ ಸಾಕೇ? ಸೆಸ್ನಾ ಬ್ಯಾಟರಿ ಪರೀಕ್ಷೆಯ ನನ್ನ ಅನುಭವ

ತುಳುನಾಡಿನ ಆಟಿ ತಿಂಗಳ ಮಳೆಗೆ ಐದು ವಾರ ಹಾರದೆ ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ ನಿಂತಿದ್ದ ನಾಲ್ಕು ಆಸನದ ಸೆಸ್ನಾ 172 ವಿಮಾನದ ಬ್ಯಾಟರಿಯನ್ನು ವಾರ್ಷಿಕ ತಪಾಸಣೆಗಾಗಿ ಬಿಚ್ಚಲು ಹೊರಟಿದ್ದೆ. ಅದರ ಮಾಲೀಕರು ಛತ್ರಿ ಮಡಚುತ್ತಾ, "ನಿನ್ನೆಯೇ ಸ್ಟಾರ್ಟ್ ಮಾಡಿ ನೋಡಿದ್ದೇನೆ, ಒಂದೇ ಸಲಕ್ಕೆ ಆಯ್ತು. ಮತ್ತೆಂತ ನೋಡ್ಲಿಕ್ಕುಂಟು ಮಾರಾಯ್ರೇ?" ಎಂದರು. ವಿಮಾನ ನಿರ್ವಹಣಾ ಇಂಜಿನಿಯರ್ ಆಗಿ ಈ ಪ್ರಶ್ನೆಯನ್ನು ನಾನು ಹಲವು ಬಾರಿ ಕೇಳಿಸಿಕೊಂಡಿದ್ದೇನೆ. ಅವರು ಮಳೆಗಾಲಕ್ಕೆ ಮೊದಲು ಕಾರ್ ಬ್ಯಾಟರಿ ಅಂಗಡಿಯೊಂದರಲ್ಲಿಯೂ ಅದನ್ನು ತೋರಿಸಿದ್ದರಂತೆ. ಅಲ್ಲಿಯವರು ಲೋಡ್ ಟೆಸ್ಟರ್ ಕಚ್ಚಿಸಿ, ಮುಳ್ಳು ಹಸಿರು ಪಟ್ಟಿಯಲ್ಲಿ ನಿಂತದ್ದನ್ನು ನೋಡಿ, "ಫಸ್ಟ್ ಕ್ಲಾಸ್" ಎಂದಿದ್ದರಂತೆ.

ಆ ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಸ್ಟಾರ್ಟರ್ ಮೋಟಾರು ಕೆಲವೇ ಸೆಕೆಂಡು ಭಾರೀ ಕರೆಂಟು ಎಳೆಯುತ್ತದೆ, ಲೋಡ್ ಟೆಸ್ಟರ್ ಕೂಡ ಅದನ್ನೇ ಮಾಡುತ್ತದೆ. ಒಳಗಿನ ಪ್ರತಿರೋಧ ಕಡಿಮೆಯಿರುವ ಬ್ಯಾಟರಿ ಈ ಎರಡರಲ್ಲಿಯೂ ಪಾಸಾಗುತ್ತದೆ. ಆದರೆ ಆಕಾಶದಲ್ಲಿ, ಇಂಜಿನ್ ತಿರುಗುವಾಗ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್ ಕೈಕೊಟ್ಟಾಗ ಬ್ಯಾಟರಿಯಿಂದ ಬೇಕಾಗುವುದು ಸಾಧಾರಣ ಕರೆಂಟು, ಆದರೆ ಬಹಳ ಹೊತ್ತು. ಸಣ್ಣ ವಿಮಾನಗಳ ವಿನ್ಯಾಸ ನಿಯಮಗಳು ಇದಕ್ಕೆ ಹಿಡಿದಿರುವ ಅಳತೆ ಕನಿಷ್ಠ 30 ನಿಮಿಷ, ಮತ್ತು ತೊಂದರೆಯನ್ನು ಪೈಲಟ್ ಗಮನಿಸಿ ಅನಗತ್ಯ ಉಪಕರಣಗಳನ್ನು ಆರಿಸಲು ಹಿಡಿಯುವ ಸಮಯವೂ ಅದರೊಳಗೇ ಸೇರಿದೆ. ಇಂಜಿನ್ನಿನ ಕಿಡಿಗೆ ಬೇಕಾದ ವಿದ್ಯುತ್ತನ್ನು ತಾನೇ ಹುಟ್ಟಿಸುವ ಮ್ಯಾಗ್ನೆಟೊ ಇರುವುದರಿಂದ ಬ್ಯಾಟರಿ ಸತ್ತರೂ ಇಂಜಿನ್ ನಿಲ್ಲುವುದಿಲ್ಲ, ನಿಜ. ಆದರೆ ರೇಡಿಯೊ, ರಾಡಾರಿಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರ್, ದೀಪಗಳು, ಈ ವಿಮಾನದಲ್ಲಿ ವಿದ್ಯುತ್ತಿನಿಂದಲೇ ಇಳಿಯುವ ಫ್ಲ್ಯಾಪ್‌ಗಳು (ನಿಧಾನವಾಗಿ ಇಳಿಯಲು ನೆರವಾಗುವ ರೆಕ್ಕೆಯ ಹಿಂಬದಿಯ ಹಲಗೆಗಳು), ಎಲ್ಲವೂ ಹೋಗುತ್ತವೆ.

ಮಾಲೀಕರು ಲೆಕ್ಕ ಬಲ್ಲವರು, ಹಾಗಾಗಿ ಕಾಗದದ ಮೇಲೆಯೇ ಬರೆದು ತೋರಿಸಿದೆ. ಅವರ ಬ್ಯಾಟರಿ 24 ವೋಲ್ಟಿನದು, ಅದರ ಒಂದು ಗಂಟೆಯ ಸಾಮರ್ಥ್ಯ 13.6 ಆಂಪಿಯರ್ ಅವರ್, ಅಂದರೆ ಹೊಸದಿದ್ದಾಗ 13.6 ಆಂಪಿಯರ್ ಕರೆಂಟನ್ನು ಒಂದು ಗಂಟೆ ಕೊಡಬಲ್ಲದು. ಮೈಸೂರಿಗೆ ಹೋಗುವ ದಾರಿಯಲ್ಲಿ, ಘಟ್ಟದ ಮೇಲೆ, ಆಲ್ಟರ್ನೇಟರ್ ನಿಂತದ್ದು ಹತ್ತು ನಿಮಿಷ ಗೊತ್ತಾಗಲಿಲ್ಲ ಎಂದಿಟ್ಟುಕೊಳ್ಳೋಣ. ಎಲ್ಲ ಉಪಕರಣಗಳೂ ಸೇರಿ 30 ಆಂಪಿಯರ್ ಎಳೆದರೆ ಅಷ್ಟರಲ್ಲೇ 5 ಆಂಪಿಯರ್ ಅವರ್ ಖರ್ಚು. ಆಮೇಲೆ ಅಗತ್ಯದವುಗಳನ್ನು ಮಾತ್ರ ಉಳಿಸಿ 12 ಆಂಪಿಯರಿಗೆ ಇಳಿಸಿದರೆ ಹೊಸ ಬ್ಯಾಟರಿ ಇನ್ನೂ 43 ನಿಮಿಷ ಕೊಡುತ್ತದೆ. ಅದೇ ಬ್ಯಾಟರಿಯ ಸಾಮರ್ಥ್ಯ ಶೇಕಡಾ 72ಕ್ಕೆ ಕುಸಿದಿದ್ದರೆ ಉಳಿಯುವುದು 24 ನಿಮಿಷ. ಕರೆಂಟು ಹೆಚ್ಚಾದಷ್ಟೂ ಬ್ಯಾಟರಿ ಕೊಡುವ ಒಟ್ಟು ಮೊತ್ತ ಕುಗ್ಗುವುದರಿಂದ ವಾಸ್ತವದಲ್ಲಿ ಅಷ್ಟೂ ಸಿಗಲಿಕ್ಕಿಲ್ಲ. ಎರಡೂ ಬ್ಯಾಟರಿಗಳು ನೆಲದ ಮೇಲೆ ಇಂಜಿನನ್ನು ಒಂದೇ ಸಲಕ್ಕೆ ಸ್ಟಾರ್ಟ್ ಮಾಡುತ್ತವೆ.

ಬ್ಯಾಟರಿ ಇರುವುದು ಇಂಜಿನ್ ಕೋಣೆಯಲ್ಲಿ, ಇಂಜಿನ್ನಿಗೂ ಕುಳಿತುಕೊಳ್ಳುವ ಜಾಗಕ್ಕೂ ನಡುವಿನ ಬೆಂಕಿತಡೆ ಗೋಡೆಯಾದ ಫೈರ್‌ವಾಲ್‌ನ ಎಡಭಾಗದಲ್ಲಿ. ಉಂಗುರ, ವಾಚು ಕಳಚಿ, ಮೊದಲು ನೆಗೆಟಿವ್, ನಂತರ ಪಾಸಿಟಿವ್ ಬಿಚ್ಚಿ ವರ್ಕ್‌ಶಾಪಿಗೆ ತಂದೆವು. ಇದು ಮೊಹರು ಮಾಡಿದ ಸೀಸ-ಆಮ್ಲದ ಬ್ಯಾಟರಿಯಾದ್ದರಿಂದ ಹೈಡ್ರೊಮೀಟರ್ ಇಳಿಸಿ ಆಮ್ಲದ ಸಾಂದ್ರತೆ ನೋಡುವ ದಾರಿಯಿಲ್ಲ. ನೀರು ಹಾಕುವ ಹಳೆಯ ಮಾದರಿಯಾಗಿದ್ದರೆ ಪೂರ್ತಿ ಚಾರ್ಜಿನ ಬಳಿಕ ಪ್ರತಿ ಸೆಲ್‌ನಲ್ಲಿ 1.285ರ ಆಸುಪಾಸು ಕಾಣಬೇಕಿತ್ತು. ಬಂದಾಗ 25.1 ವೋಲ್ಟ್ ಇತ್ತು. ಮಾಸ್ಟರ್ ಸ್ವಿಚ್ ಆರಿಸಿದ್ದರೂ ಗಡಿಯಾರ ಬ್ಯಾಟರಿಯಿಂದ ನೇರವಾಗಿ ತುಸು ಕುಡಿಯುತ್ತಲೇ ಇರುತ್ತದೆ. 28.5 ವೋಲ್ಟಿನಲ್ಲಿ ಚಾರ್ಜ್ ಮಾಡಿ, ಒಂದು ದಿನ ಹಾಗೆಯೇ ಬಿಟ್ಟಾಗ 25.7 ತೋರಿಸಿತು. ಈ ಅಂಕಿ ನೋಡಿ ಮೋಸಹೋಗುವವರು ಬಹಳ. ವೋಲ್ಟೇಜು ಹೇಳುವುದು ಪಾತ್ರೆ ತುಂಬಿದೆ ಎಂದಷ್ಟೇ, ಪಾತ್ರೆ ಎಷ್ಟು ಕಿರಿದಾಗಿದೆ ಎಂಬುದನ್ನಲ್ಲ.

ಸಾಮರ್ಥ್ಯ ಪರೀಕ್ಷೆಯ ಕ್ರಮ ಕೇಳಲು ಸರಳ. 13.6 ಆಂಪಿಯರನ್ನು ಕದಲದಂತೆ ಎಳೆಯುತ್ತಾ, ವೋಲ್ಟೇಜು 20ಕ್ಕೆ ಇಳಿಯುವವರೆಗಿನ ನಿಮಿಷಗಳನ್ನು ಎಣಿಸಬೇಕು. 60 ನಿಮಿಷ ಬಂದರೆ ನೂರಕ್ಕೆ ನೂರು. ತಯಾರಕರ ಕೈಪಿಡಿಗೆ ತಕ್ಕಂತೆ ಶೇಕಡಾ 80 ಅಥವಾ 85, ಅಂದರೆ 48 ಅಥವಾ 51 ನಿಮಿಷಕ್ಕಿಂತ ಕಡಿಮೆ ಬಂದರೆ ಆ ಬ್ಯಾಟರಿ ಹಾರಾಟಕ್ಕೆ ಅರ್ಹವಲ್ಲ. ಚಳಿ ಪ್ರದೇಶದವರು ಮೊದಲು ಬ್ಯಾಟರಿಯನ್ನು ಬೆಚ್ಚಗಾಗಿಸಬೇಕಾಗುತ್ತದೆ, ನಮ್ಮ ಕರಾವಳಿಯಲ್ಲಿ ತೊಡಕು ತಿರುಗುಮುರುಗು. ಬ್ಯಾಟರಿ ಬಿಸಿಯಿದ್ದಾಗ ಸಾಮರ್ಥ್ಯ ಇದ್ದುದಕ್ಕಿಂತ ತುಸು ಹೆಚ್ಚಾಗಿಯೇ ಕಾಣುತ್ತದೆ. ಆದ್ದರಿಂದ ಏಪ್ರಿಲ್‌ನ ಮಧ್ಯಾಹ್ನ ಕೂದಲೆಳೆಯಲ್ಲಿ ಪಾಸಾದ ಬ್ಯಾಟರಿಯನ್ನು ನಾನು ನಂಬುವುದಿಲ್ಲ, ಬೆಳಗಿನ ತಂಪಿನಲ್ಲಿ ಮತ್ತೆ ನೋಡುತ್ತೇನೆ.

ಮೊದಲ ಪರೀಕ್ಷೆ 38ನೇ ನಿಮಿಷಕ್ಕೇ ಮುಗಿಯಿತು. ಆದರೆ ತಪ್ಪು ನನ್ನದೇ ಆಗಿತ್ತು. ಮೀಟರಿನ ತಂತಿಗಳನ್ನು ಬ್ಯಾಟರಿಯ ತುದಿಗಳಿಗೆ ಕೊಡುವ ಬದಲು ಲೋಡಿನ ಕ್ಲಿಪ್ಪುಗಳಿಗೆ ಕೊಟ್ಟಿದ್ದೆ. ಕಡಲ ಗಾಳಿಗೆ ಆ ಕ್ಲಿಪ್ಪುಗಳ ಹಲ್ಲುಗಳಲ್ಲಿ ಹಸಿರು ಕಿಲುಬು ಕಟ್ಟಿತ್ತು. ಅಲ್ಲಿ ಬರೀ 0.05 ಓಮ್ ಪ್ರತಿರೋಧವಿದ್ದರೂ ಆ ಕರೆಂಟಿಗೆ 0.68 ವೋಲ್ಟ್ ಸೋರಿಹೋಗುತ್ತದೆ, ಬ್ಯಾಟರಿಯಲ್ಲಿ ಇನ್ನೂ 20.68 ಇರುವಾಗಲೇ ಮೀಟರು 20 ಎನ್ನುತ್ತದೆ. ಒಳ್ಳೆಯ ಬ್ಯಾಟರಿಯನ್ನು ಸುಮ್ಮನೆ ಗುಜರಿಗೆ ಕಳಿಸಲು ಇಷ್ಟು ಸಾಕು. ಕ್ಲಿಪ್ಪುಗಳನ್ನು ಉಜ್ಜಿ, ಪುನಃ ಚಾರ್ಜ್ ಮಾಡಿ, ಮೀಟರನ್ನು ನೇರವಾಗಿ ತುದಿಗಳಿಗೆ ಜೋಡಿಸಿ ಮಾಡಿದ ಪರೀಕ್ಷೆಯಲ್ಲಿ 43 ನಿಮಿಷ ಬಂತು. ಶೇಕಡಾ 72.

ಅಲ್ಲಿಗೇ ತೀರ್ಪು ಕೊಡಲಿಲ್ಲ. ಅರ್ಧ ಚಾರ್ಜಿನಲ್ಲಿ ವಾರಗಟ್ಟಲೆ ನಿಂತಾಗ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಅದರಲ್ಲಿ ಸ್ವಲ್ಪ ಭಾಗವನ್ನು ಕರಗಿಸಲು ಕೈಪಿಡಿಯಲ್ಲಿಯೇ ದಾರಿಯಿದೆ. ಸಾಮರ್ಥ್ಯದ ಹತ್ತನೇ ಒಂದರಷ್ಟು, ಅಂದರೆ ಸುಮಾರು 1.4 ಆಂಪಿಯರ್ ಸ್ಥಿರ ಕರೆಂಟನ್ನು 16 ಗಂಟೆ ಕೊಡಬೇಕು. ಆ ರಾತ್ರಿ ಗಾಳಿಮಳೆಗೆ ಎರಡು ಸಲ ಕರೆಂಟ್ ಹೋಯಿತು. ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ಸಹಾಯಕ ಹುಡುಗ ಪುಸ್ತಕದಲ್ಲಿ ಬರೆದಿಟ್ಟದ್ದರಿಂದ ಲೆಕ್ಕ ತಪ್ಪಲಿಲ್ಲ. ಮೂರನೆಯ ಪರೀಕ್ಷೆಯಲ್ಲಿ 46 ನಿಮಿಷ. ಶೇಕಡಾ 77 ಕೂಡ ಮುಟ್ಟಲಿಲ್ಲ. ಇನ್ನೊಂದು ಸಲ ನೋಡೋಣವೇ ಎಂದು ಮಾಲೀಕರು ಆಸೆಯಿಂದ ಕೇಳಿದರು, ನಾನು ಒಪ್ಪಲಿಲ್ಲ. ಪಾಸಾಗುವವರೆಗೂ ಪರೀಕ್ಷೆ ಮಾಡುತ್ತಾ ಹೋಗುವುದಕ್ಕೆ ಪರೀಕ್ಷೆ ಎಂಬ ಹೆಸರು ಸಲ್ಲದು, ಮತ್ತು ವಿಮಾನ ಹಾರಾಟಕ್ಕೆ ಸಿದ್ಧ ಎಂದು ಬರೆದ ಕಾಗದದ ಕೆಳಗೆ ಇರುವುದು ನನ್ನ ಸಹಿ.

ಹೊಸ ಬ್ಯಾಟರಿ ಹಾಕಿದ ಮೇಲೆ ವಿಮಾನ ಎರಡು ವಾರಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ನೆಗೆಟಿವ್ ಬಿಚ್ಚಿಡುತ್ತೇವೆ, ವೋಲ್ಟೇಜು 25ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುತ್ತೇವೆ. ಮರುವರ್ಷದ ಆಟಿಯಲ್ಲಿ ಅದು 61 ನಿಮಿಷ ಕೊಟ್ಟಿತು.

ಹಳೆಯದನ್ನು ಮಾಲೀಕರು ಮನೆಯ ಇನ್ವರ್ಟರಿಗೆಂದು ಕೇಳಿದರು. ಅದು ಅಂಥ ಕೆಲಸಕ್ಕೆ ಮಾಡಿದ್ದಲ್ಲ ಎಂದು ತಿಳಿಸಿ, ಗುಜರಿಗೆ ಕೊಡುವ ಮೊದಲು ಎರಡೂ ಬದಿಯಲ್ಲಿ ಕೆಂಪು ಪೇಂಟಿನಿಂದ "ವಿಮಾನಕ್ಕೆ ಅಲ್ಲ" ಎಂದು ದೊಡ್ಡದಾಗಿ ಬರೆಸಿದೆ. ಆ ಪೇಂಟಿನ ಒಂದು ಹನಿ ಅವರ ಛತ್ರಿಯ ಮೇಲೆ ಈಗಲೂ ಇದೆ.