ಮಳೆಯ ಹೆಸರು ಹಿಡಿದು ಬಿತ್ತನೆ ಲೆಕ್ಕ

ನಮ್ಮದು ತುಮಕೂರು ಸೀಮೆಯ ಕೆಂಪು ಮಣ್ಣಿನ ಹೊಲ. ಮಳೆ ಬಿಟ್ಟರೆ ಬೇರೆ ನೀರಿಲ್ಲ. ಇಲ್ಲಿ ಯಾರನ್ನಾದರೂ "ರಾಗಿ ಯಾವಾಗ ಬಿತ್ತಿದ್ರಿ?" ಅಂತ ಕೇಳಿ, ಜುಲೈ ಅನ್ನುವುದಿಲ್ಲ, "ಪುನರ್ವಸು ಮಳೇಲಿ" ಅನ್ನುತ್ತಾರೆ. ನಾನೂ ಹಾಗೇ ಲೆಕ್ಕ ಇಡುತ್ತೇನೆ.

ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುತ್ತಾನೆ. ಒಂದೊಂದಕ್ಕೆ 13-14 ದಿನ. ಆ ದಿನಗಳಲ್ಲಿ ಬಿದ್ದ ಮಳೆಗೆ ಆ ನಕ್ಷತ್ರದ ಹೆಸರು. ಹಬ್ಬಗಳು ಹೆಚ್ಚಿನವು ಚಂದ್ರನ ಲೆಕ್ಕದವು, ವರ್ಷ ವರ್ಷ ಹಿಂದೆ ಮುಂದೆ ಆಗುತ್ತವೆ. ಮಳೆ ನಕ್ಷತ್ರ ಹಾಗಲ್ಲ. ಭರಣಿ ಏಪ್ರಿಲ್ ಕೊನೆಗೆ, ಆರಿದ್ರೆ ಜೂನ್ 22ರ ಹೊತ್ತಿಗೆ, ಉತ್ತರೆ ಸೆಪ್ಟೆಂಬರ್ 13ರ ಆಸುಪಾಸಿಗೆ. ಒಂದು ದಿನ ಆಚೆ ಈಚೆ ಅಷ್ಟೆ.

ಈ ವರ್ಷ ಇಂಥ ಮಳೆ ಜೋರು, ಇಂಥದ್ದು ಆಗಲ್ಲ ಅಂತ ಪಂಚಾಂಗ ನೋಡಿ ಹೇಳುವವರೂ ಇದ್ದಾರೆ. ಅದನ್ನು ನಾನು ನಂಬುವುದಿಲ್ಲ. ನನಗೆ ಬೇಕಾದ್ದು ಬೇರೆ. ಇವತ್ತು ಬಿತ್ತಿದರೆ ತೆನೆ ಬಿಡುವಾಗ ಯಾವ ಮಳೆ ನಡೆಯುತ್ತಿರುತ್ತದೆ? ಜೂನ್, ಜುಲೈನಲ್ಲಿ ಮಲೆನಾಡು ತೋಯ್ದು ತೊಪ್ಪೆಯಾದರೂ ನಮಗೆ ಬರುವುದು ತುಂತುರು. ಘಟ್ಟದ ಮರೆ ನಮ್ಮದು. ನಮಗೆ ಮಳೆ ಜಾಸ್ತಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆ. ರಾಗಿ ತೆನೆ ಆ ಹೊತ್ತಿಗೇ ಹೊರಗೆ ಬರಬೇಕು.

ಹಾಗಾಗಿ ಹಿಂದಕ್ಕೆ ಎಣಿಸುತ್ತೇನೆ. ಜಿಪಿಯು-28 ರಾಗಿ ತಳಿಗೆ ಸುಮಾರು 110 ದಿನ ಬೇಕು. ಪುನರ್ವಸುವಿನಲ್ಲಿ ಬಿತ್ತಿದರೆ ಉತ್ತರೆ ಕೊನೆ, ಹಸ್ತದ ಮೊದಲಿಗೆ ತೆನೆ, ಸ್ವಾತಿ ಮುಗಿಯುವಾಗ ಕೊಯ್ಲು. ಮಳೆ ಕೈಕೊಟ್ಟು ಆಶ್ಲೇಷಕ್ಕೆ ಹೋದರೆ ಅದೇ ತಳಿ ಬೇಡ, ನೂರು ದಿನದೊಳಗಿನದ್ದು ಹುಡುಕಬೇಕು. ಅದೂ ಆಗಲಿಲ್ಲವೆಂದರೆ ಉತ್ತರೆಗೆ ಹುರುಳಿ ಚೆಲ್ಲುವುದು.

ಭರಣಿಯ ಮಾತು ಹೇಳಲೇಬೇಕು. "ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ" ಅಂತ ಅಪ್ಪ ಹೇಳುತ್ತಿದ್ದರು. ಆ ಮಳೆಗೆ ಹೆಸರುಕಾಳು ಬಿತ್ತಿದರೆ ಎರಡು ತಿಂಗಳು ಚಿಲ್ಲರೆಗೆ ಕಾಯಿ ಬಿಡಿಸಿ ಮುಗಿಯುತ್ತದೆ. ಗಿಡವನ್ನು ಅಲ್ಲೇ ಉತ್ತುಬಿಟ್ಟರೆ ರಾಗಿಗೆ ಗೊಬ್ಬರ. ಸರಿಯಾಗಿ ಪುನರ್ವಸುವಿಗೆ ಹೊಲ ಖಾಲಿ! ಎಷ್ಟು ಲೆಕ್ಕ ಹಾಕಿ ಇಟ್ಟಿದ್ದಾರೆ ಹಿರಿಯರು, ಅಲ್ವಾ?

ಮಳೆ ಬಂತು ಅಂತ ಸುಮ್ನೆ ಕೂರಿಗೆ ಹೂಡುವುದಲ್ಲ, ಹದ ನೋಡಬೇಕು. ನಾಲ್ಕು ಬೆರಳು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ, ಸೊಂಟದೆತ್ತರದಿಂದ ಬಿಡುತ್ತೇನೆ. ಉಂಡೆಯೇ ಕಟ್ಟದಿದ್ದರೆ ತೇವ ಸಾಲದು. ಬಿದ್ದು ಚಪ್ಪಟೆಯಾದರೆ ಹಸಿ ಜಾಸ್ತಿ, ಒಂದು ದಿನ ತಡೆಯಬೇಕು. ಒಡೆದು ನಾಲ್ಕಾರು ಚೂರಾದರೆ ಅದೇ ಹದ.

ಇನ್ನು ದಿನದ ಗುರುತುಗಳು. ಇರುವೆ ಮೊಟ್ಟೆ ಹೊತ್ತು ಹೊರಟರೆ ಮಳೆ ಅನ್ನುತ್ತಾರೆ. ಗೂಡು ಕೆದಕಿದರೂ ಅವು ಹೊರಡುತ್ತವೆ, ಅದರ ಮೇಲೆ ನನಗೆ ಭರವಸೆ ಕಡಿಮೆ. ಡಬ್ಬಿಯ ಉಪ್ಪು ನೀರೊಡೆದರೆ ಗಾಳಿಯಲ್ಲಿ ತೇವ ಏರಿದೆ ಅಂತ ಗೊತ್ತಾಗುತ್ತದೆ, ಅಷ್ಟೇ. ನಾನು ಗಟ್ಟಿಯಾಗಿ ನಂಬುವುದು ಚಂದ್ರನ ಕಣವನ್ನು, ಅಂದರೆ ಚಂದ್ರನ ಸುತ್ತ ಕಟ್ಟುವ ಬೆಳಕಿನ ಬಳೆಯನ್ನು. "ದೂರ ಕಣ, ಹತ್ತಿರ ಮಳೆ." ಚಂದ್ರನಿಗೆ ಅಂಟಿಕೊಂಡ ಸಣ್ಣ ಬಳೆ ತೆಳು ಮೋಡದ ನೀರ ಹನಿಗಳಿಂದ ಆಗುವುದು, ಅದರಿಂದ ಭಯವಿಲ್ಲ. ದೂರದಲ್ಲಿ ಕಟ್ಟುವ ದೊಡ್ಡ ಬಳೆ ತುಂಬ ಎತ್ತರದ ಮೋಡದ ಹಿಮದ ಹರಳುಗಳದ್ದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಇಂಥ ಮೋಡ ಮಳೆಗಿಂತ ಮುಂಚೆ ಹರಡುತ್ತದೆ. ಎಲ್ಲ ಸಲವೂ ಮಳೆ ಬರುವುದಿಲ್ಲ. ಆದರೂ ನವೆಂಬರ್‌ನಲ್ಲಿ, ಕೊಯ್ದ ರಾಗಿ ಹೊಲದಲ್ಲಿ ಬಿದ್ದಿರುವಾಗ, ಅದನ್ನು ಕಂಡೂ ಸುಮ್ಮನಿರಲು ಆಗುವುದಿಲ್ಲ. ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ, ಶುಕ್ರವಾರ ಬರುತ್ತದೆ, ಅದನ್ನೂ ನೋಡುತ್ತೇನೆ. ಎರಡೂ ಒಂದೇ ಮಾತು ಹೇಳಿದರೆ ಬೆಳಗ್ಗೆ ಆಳು ಕರೆದು ಮೆದೆ ಒಟ್ಟಿಸಿ, ಮೇಲೆ ಟಾರ್ಪಾಲು ಎಳೆದುಬಿಡುತ್ತೇನೆ.