ಬಾಗಿಲಲ್ಲಿ ಸಿಕ್ಕಿಕೊಂಡ ಬೀರು

ನಮ್ಮ ನಾಟಕದ 22ನೆಯದೋ 23ನೆಯದೋ ಪ್ರಯೋಗ ಮೊನ್ನೆ ಮುಗಿಯಿತು. ಸರಿಯಾದ ಲೆಕ್ಕ ಬರೆದ ಪುಸ್ತಕ ಸಾಮಾನಿನ ಪೆಟ್ಟಿಗೆಯ ತಳದಲ್ಲಿದೆ, ತೆಗೆದು ನೋಡುವಷ್ಟು ತಾಳ್ಮೆ ಇಲ್ಲ. ಮೊದಲ ಪ್ರಯೋಗಕ್ಕೆ 40 ಜನ ಬಂದಿದ್ದರು, ಅದರಲ್ಲಿ ಅರ್ಧ ನಟರ ಮನೆಯವರೇ. ಈಗ ಹಿಂದೆ ಗೋಡೆಗೆ ಒರಗಿ ನಿಂತು ನೋಡುವವರೂ ಇದ್ದಾರೆ. ಹಾಗಾಗಿ ಸ್ವಲ್ಪ ಜಂಬ ಪಟ್ಟರೆ ಸಹಿಸಿಕೊಳ್ಳಿ.

ಒಂದೇ ನಾಟಕ ನಗಿಸಿಯೂ ಅಳಿಸಿಯೂ ಗೆಲ್ಲುತ್ತದೆ ಅಂತ ಶುರುವಿನಲ್ಲಿ ಯಾರೂ ನಂಬಿರಲಿಲ್ಲ. ನಾನು ಗೌರವ ಇಟ್ಟಿರುವ ಹಿರಿಯ ನಿರ್ದೇಶಕರೊಬ್ಬರು ಸ್ಕ್ರಿಪ್ಟ್ ಓದಿ, "ನಗಿಸು, ಇಲ್ಲ ಅಳಿಸು. ಎರಡು ದೋಣಿ ಮೇಲೆ ಕಾಲಿಟ್ಟರೆ ನೀರಿಗೆ ಬೀಳ್ತೀಯ" ಅಂದರು. ಈ ಬೈಗುಳ ಹೊಸದೇನಲ್ಲ. 16ನೇ ಶತಮಾನದಲ್ಲೇ ಇಂಗ್ಲಿಷ್ ಕವಿ ಫಿಲಿಪ್ ಸಿಡ್ನಿ ಇಂಥ ನಾಟಕಗಳನ್ನು ಬೆರಕೆ ತಳಿ ಅಂತ ಕರೆದಿದ್ದ. ನಗು ಅಳು ಬೆರೆತ ಇಂಥ ನಾಟಕಕ್ಕೆ ಟ್ರಾಜಿಕಾಮಿಡಿ ಅನ್ನುವ ಹೆಸರು ಹುಟ್ಟಿದ್ದೇ ತಮಾಷೆಗೆ. ರೋಮನ್ ನಾಟಕಕಾರ ಪ್ಲಾಟಸ್‌ನ ಒಂದು ನಾಟಕದ ಶುರುವಿನಲ್ಲಿ ಮರ್ಕ್ಯುರಿ ದೇವರು ರಂಗದ ಮೇಲೆ ಬಂದು, ಇದರಲ್ಲಿ ರಾಜರೂ ದೇವರೂ ಇದ್ದಾರೆ, ಆಳು ಕೂಡ ಇದ್ದಾನೆ, ಆದ್ದರಿಂದ ಎರಡನ್ನೂ ಬೆರೆಸಿಬಿಡ್ತೀನಿ ಅಂತಾನೆ. ಇದನ್ನು ಆ ಹಿರಿಯರಿಗೆ ಹೇಳಿದೆ. ಅವರು ನಗಲಿಲ್ಲ.

ನಮ್ಮ ಕಥೆ ಚಿಕ್ಕದು. ಅಮ್ಮ ತೀರಿಕೊಂಡಿದ್ದಾಳೆ. ಮನೆ ಮಾರಿಯಾಗಿದೆ. ಸಂಜೆಯೊಳಗೆ ಖಾಲಿ ಮಾಡಬೇಕು. ಅಕ್ಕ, ತಮ್ಮ, ಬೀಗದ ಕೈ ಇಸಿದುಕೊಳ್ಳಲು ಬಂದು ಕಾಯುತ್ತಿರುವ ಒಬ್ಬ ಮನುಷ್ಯ. ಮೂರೇ ಪಾತ್ರ. ಎಲ್ಲಾ ಸಾಮಾನು ಹೋಗಿದೆ. ಅಮ್ಮನ ಮರದ ಬೀರು ಮಾತ್ರ ಬಾಗಿಲು ದಾಟುತ್ತಿಲ್ಲ. ಉದ್ದಕ್ಕೆ ಹಿಡಿದರೂ ಇಲ್ಲ, ಅಡ್ಡಕ್ಕೆ ಹಿಡಿದರೂ ಇಲ್ಲ. "ಒಳಗೆ ಬಂದಿದ್ದು ಹೊರಗೆ ಹೋಗಲೇಬೇಕಲ್ವಾ?" ಅಂತ ತಮ್ಮ ರೇಗುತ್ತಾನೆ. ಅಸಲಿಗೆ ಆ ಬೀರು ಹೊರಗಿನಿಂದ ಬಂದೇ ಇಲ್ಲ. ಬಡಗಿ ಅದೇ ಕೋಣೆಯಲ್ಲಿ ಕೂತು ಮಾಡಿದ್ದು. ಅಕ್ಕನಿಗೆ ಗೊತ್ತು. ಬಾಯಿ ಬಿಡುವುದಿಲ್ಲ. ಬಿಟ್ಟರೆ ಒಡೆದು ತೆಗೆಯುತ್ತಾರೆ. ಅವಳು ಹುಟ್ಟಿದ್ದೂ ಆ ಮನೆಯಲ್ಲೇ, ಒಂದು ದಿನವೂ ಬಿಟ್ಟಿದ್ದವಳಲ್ಲ.

ಇಷ್ಟು ಕೈಯಲ್ಲಿದ್ದೂ ನಾನು ಮೂರು ಸಲ ಹಾಳು ಮಾಡಿದೆ.

ಮೊದಲ ಸಲ ಒಂದು ನಗುವ ದೃಶ್ಯ, ಒಂದು ಅಳುವ ದೃಶ್ಯ, ಹೀಗೆ ಪದರ ಪದರವಾಗಿ ಜೋಡಿಸಿದೆ. ನಗುವಿನವು ಏಳು, ಅಳುವಿನವು ಆರು ಇರಬೇಕು. ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು. ರಂಗದ ಮೇಲೆ ಎರಡು ಬೇರೆ ಬೇರೆ ನಾಟಕಗಳನ್ನು ಕತ್ತರಿಸಿ ಅಂಟಿಸಿದ ಹಾಗಿತ್ತು. ಅಳುವ ದೃಶ್ಯ ಬಂದ ಕೂಡಲೇ ಸಭೆಯಲ್ಲಿ ಕೆಮ್ಮು ಶುರು. ಜನ ಕೆಮ್ಮಿದರೆ ಏನರ್ಥ ಅಂತ ನಿಮಗೆ ಹೇಳಬೇಕಾಗಿಲ್ಲ. ಮುಗಿದ ಮೇಲೆ ಒಬ್ಬರು ಬಂದು ಕೈ ಕುಲುಕಿ, "ಕಾಮಿಡಿ ಭಾಗ ಸೂಪರ್, ಅದನ್ನಷ್ಟೇ ಇಟ್ಕೊಳ್ಳಿ" ಅಂದರು.

ಎರಡನೇ ಸಲ ಸಂಗೀತದ ಮೊರೆ ಹೋದೆ. ಪಿಟೀಲು ಎತ್ತಿದರೆ ಅಳಬೇಕು, ತಾಳ ಬಿದ್ದರೆ ನಗಬೇಕು, ಆ ಲೆಕ್ಕ. ಪ್ರೇಕ್ಷಕರಿಗೆ ಸನ್ನೆ ಮಾಡಿ ತೋರಿಸಿದ ಹಾಗಾಯಿತು. ಯಾರಿಗೂ ಇಷ್ಟವಾಗಲಿಲ್ಲ, ಸಂಗೀತ ಮಾಡಿದವರಿಗೂ ಕೂಡ.

ಮೂರನೇ ಸಲದ್ದು ದುಬಾರಿ ತಪ್ಪು. ಬೀಗದ ಕೈಯವನ ಪಾತ್ರಕ್ಕೆ ಹೆಸರಿರುವ ಹಾಸ್ಯ ನಟರೊಬ್ಬರನ್ನು ಕರೆಸಿದೆ. ಅವರು ರಂಗದ ಬದಿಯ ವಿಂಗ್‌ನಿಂದ ಕಾಲು ಹೊರಗಿಡುತ್ತಿದ್ದಂತೆ ಚಪ್ಪಾಳೆ. ಒಳ್ಳೆಯ ನಟರು, ಅವರ ತಪ್ಪೇನೂ ಇಲ್ಲ. ಆದರೆ ಅಕ್ಕ ಬೀರಿನ ಬಾಗಿಲು ತೆಗೆದು ಅಮ್ಮನ ಕನ್ನಡಕ ಕಂಡು ನಿಲ್ಲುವಾಗ ಅವರು ಸುಮ್ನೆ ಕುರ್ಚಿಯಲ್ಲಿ ಕೂತಿದ್ದರು. ಕಾಲು ಬದಲಿಸಿ ಕೂತರು, ಅಷ್ಟೇ. ಸಭೆ ಗೊಳ್ಳೆಂದಿತು. ಆ ಹುಡುಗಿ ಗ್ರೀನ್ ರೂಮಿಗೆ ಬಂದು ನಿಜವಾಗಿ ಅತ್ತಳು.

ಈಗ ದುಡ್ಡಿನ ವಿಷಯ. ನನ್ನ ಹತ್ತಿರ ಇದ್ದದ್ದನ್ನು 100 ಪಾಲು ಅಂತ ಇಟ್ಟುಕೊಳ್ಳಿ. ಸಂಗೀತಕ್ಕೆ 15 ಹೋಯಿತು, ಆ ನಟರಿಗೆ 20. ಪ್ಲೈವುಡ್‌ನಲ್ಲಿ ಬೀರು ಮಾಡಿಸಲು ಹತ್ತಿರ ಹತ್ತಿರ 25. ಹೌದು, 25! ಪಾಲಿಶ್, ಕೆತ್ತನೆ, ಕನ್ನಡಿ ಎಲ್ಲಾ ಇತ್ತು. ಭಾರ ಮಾತ್ರ ಇರಲಿಲ್ಲ. ನಟರು ಏದುಸಿರು ಬಿಡುವ ನಾಟಕ ಆಡುತ್ತಿದ್ದರು, ಬೀರು ಗಾಳಿಪಟದ ಹಾಗೆ ಏಳುತ್ತಿತ್ತು. ಕೊನೆಗೆ ಯಾರೋ ಬಿಸಾಡಲು ಇಟ್ಟಿದ್ದ ಹಳೆಯ ಗಟ್ಟಿ ಮರದ ಬೀರನ್ನು 4 ಪಾಲಿಗೆ ತಂದೆ. ಅದನ್ನು ಸಾಗಿಸಲು ಪ್ರತಿ ಪ್ರಯೋಗಕ್ಕೆ 3 ಪಾಲು, ನಾಲ್ಕು ಜನ ಹೊರಬೇಕು. ಆದರೆ ಬೆವರು ನಿಜವಾದ ಬೆವರು. ತಮ್ಮನ ಪಾತ್ರದವನಿಗೆ ನಟಿಸುವ ಕೆಲಸ ಅರ್ಧ ಕಡಿಮೆಯಾಯಿತು. ಅಲ್ಲಿಂದ ನಾಟಕ ಸ್ವಲ್ಪ ಉಸಿರಾಡತೊಡಗಿತು.

ದಾರಿ ಸಿಕ್ಕಿದ್ದು ರಷ್ಯನ್ ನಾಟಕಕಾರ ಚೆಕಾವ್‌ನ ಒಂದು ಗೊಣಗಾಟದಿಂದ. 1904ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಅವನ 'ದಿ ಚೆರ್ರಿ ಆರ್ಚರ್ಡ್' ಆಡಿತು. ಅದೂ ಮನೆ ಮಾರಿ ಹೋಗುವ ಕಥೆಯೇ. ಅವನು ಅದನ್ನು ಕಾಮಿಡಿ ಅಂತ ಬರೆದಿದ್ದ, ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ದುರಂತ ಅಂತ ಆಡಿಸಿದ. ಈ ಜಗಳ ನಾಟಕದವರಿಗೆಲ್ಲ ಗೊತ್ತು. ನನ್ನನ್ನು ಹಿಡಿದದ್ದು ಅದರಲ್ಲೇ ಆಡುತ್ತಿದ್ದ ಹೆಂಡತಿಗೆ ಅವನು ಬರೆದ ಕಾಗದದ ಒಂದು ಮಾತು. ಹೆಚ್ಚೆಂದರೆ 12 ನಿಮಿಷ ಹಿಡಿಯಬೇಕಾದ ಕೊನೆಯ ಅಂಕವನ್ನು ನೀವು 40 ನಿಮಿಷ ಎಳೆಯುತ್ತಿದ್ದೀರಿ ಅಂತ ಅವನ ದೂರು. ಅರ್ಥ ಏನು, ಸಂಕೇತ ಏನು ಅಂತಲ್ಲ, ನಿಮಿಷದ ಲೆಕ್ಕ!

ಮಾರನೇ ದಿನವೇ ತಾಲೀಮಿಗೆ ಸ್ಟಾಪ್‌ವಾಚ್ ತಂದೆ. ನಮ್ಮ ಕೊನೆಯ ಭಾಗ 26 ನಿಮಿಷ ಇತ್ತು. ಎಲ್ಲಾ ಮೌನ, ನಿಟ್ಟುಸಿರು, ಕಿಟಕಿ ನೋಡುವುದು. ಬೀರು ತಳ್ಳುವ ತಮಾಷೆ ಭಾಗ 6 ನಿಮಿಷದಲ್ಲಿ ದಡಬಡ ಮುಗಿಯುತ್ತಿತ್ತು. ಎಲ್ಲರೂ ಮಾಡುವುದು ಹೀಗೇ. ದುಃಖ ಅಂದರೆ ನಿಧಾನ, ನಗು ಅಂದರೆ ಓಟ. ನಾನು ಅದಲು ಬದಲು ಮಾಡಿದೆ. ದುಃಖ ಓಡಲಿ, ನಗು ನಡೆಯಲಿ.

ಒಂದು ಮಾತೂ ಕತ್ತರಿಸದೆ ಕೊನೆಯ ಭಾಗ 15 ನಿಮಿಷಕ್ಕೆ ಇಳಿಯಿತು. ಅಕ್ಕನಿಗೆ ಅಳಲು ಪುರುಸೊತ್ತೇ ಇಲ್ಲ. ಲಾರಿ ಕಾಯುತ್ತಿದೆ, ಬೀಗದ ಕೈಯವನು ಗಡಿಯಾರ ನೋಡುತ್ತಿದ್ದಾನೆ, ಒಂದು ಚಪ್ಪಲಿ ಸಿಗುತ್ತಿಲ್ಲ. ಮುಖ್ಯವಾದ ಮಾತೆಲ್ಲ ಚಪ್ಪಲಿ ಹುಡುಕುತ್ತಾ, ಬಗ್ಗಿಕೊಂಡು, ಬೆನ್ನು ತಿರುಗಿಸಿಕೊಂಡು ಬರುತ್ತದೆ. ಬೀರಿನ ಭಾಗ 11 ನಿಮಿಷಕ್ಕೆ ಏರಿತು. ಅಲ್ಲಿ ಯಾರೂ ತಮಾಷೆ ಮಾಡುವುದಿಲ್ಲ. ಟೇಪು ಹಿಡಿದು ಅಳೆಯುತ್ತಾರೆ, ಬರೆದುಕೊಳ್ಳುತ್ತಾರೆ, ಇನ್ನೊಮ್ಮೆ ಅಳೆಯುತ್ತಾರೆ. ಅಳತೆ ಬದಲಾಗಿರುತ್ತದಾ ಅಂತ ನಿಜವಾಗಿ ಆಸೆ ಪಡುತ್ತಾರೆ. ಸಭೆ ಸಾಯುವ ಹಾಗೆ ನಗುತ್ತದೆ.

ನಟರು ಒಪ್ಪಲು ಎರಡು ವಾರ ಬೇಕಾಯಿತು. ತನ್ನ ಅಳುವ ದೃಶ್ಯ ಕಿತ್ತುಕೊಂಡೆ ಅಂತ ಅಕ್ಕನ ಪಾತ್ರದವಳಿಗೆ ಬೇಜಾರು. ಅವಳಿಗೆ ನಾನು ಹೇಳಿದ್ದು ಇಷ್ಟು. ನೀನೇ ಅತ್ತುಬಿಟ್ಟರೆ ನೋಡುವವನು ನಿರಾಳವಾಗಿ ಕೂರುತ್ತಾನೆ, ಅವನ ಕೆಲಸ ನೀನು ಮಾಡಿಕೊಟ್ಟೆ. ಅವಳು ನಂಬಲಿಲ್ಲ. ಆಗ ನಾಟ್ಯಶಾಸ್ತ್ರ ನೆನಪಾಯಿತು. ಭರತನ ಲೆಕ್ಕದಲ್ಲಿ ಕರುಣ ಹುಟ್ಟುವುದು ರೌದ್ರದಿಂದ. ಸರಿ, ದುಃಖ ಬಿಡು, ತಮ್ಮನ ಮೇಲೆ ಸಿಟ್ಟು ಮಾಡಿಕೋ ಅಂದೆ. ಇಷ್ಟು ವರ್ಷ ಎಲ್ಲಿದ್ದೆ, ಈಗ ಟೇಪು ಹಿಡಿದು ಬಂದಿದ್ದೀಯಲ್ಲ, ಆ ಸಿಟ್ಟು. ಒಂದೇ ತಾಲೀಮಿನಲ್ಲಿ ದೃಶ್ಯ ತಿರುಗಿತು. ಪ್ರಾಂಪ್ಟ್ ಮಾಡುತ್ತಿದ್ದವನು ಪುಸ್ತಕ ಮುಚ್ಚಿ ಮೂಗು ಒರೆಸಿಕೊಂಡ. ಹಾಸ್ಯಕ್ಕೂ ಈ ಸೂತ್ರ ನಡೆಯುತ್ತದಾ ಅಂತ ನೋಡಿದೆ. ಭರತ ಹಾಸ್ಯವನ್ನು ಶೃಂಗಾರದಿಂದ ಹುಟ್ಟಿಸುತ್ತಾನೆ. ಬೀಗದ ಕೈಯವನಿಗೆ ಅಕ್ಕನ ಮೇಲೆ ಚೂರು ಮನಸ್ಸಿರಲಿ ಅಂದೆ. ಎರಡು ದಿನ ಆಡಿ ಬಿಟ್ಟೆವು. ಅವನು ಚೆನ್ನಾಗಿ ಮಾಡಿದ, ನಾಟಕ ಬೇರೆ ಕಡೆ ಹೊರಟುಹೋಯಿತು.

ಇನ್ನೊಂದು ದೊಡ್ಡ ಪ್ರಶ್ನೆ ಗುಟ್ಟಿನದು. ಬೀರು ಒಳಗೇ ಮಾಡಿದ್ದು ಅಂತ ಸಭೆಗೆ ಯಾವಾಗ ತಿಳಿಯಬೇಕು? ಮೊದಲು ಕೊನೆಗೆ ಇಟ್ಟಿದ್ದೆ. ಜನ "ಓಹ್" ಅನ್ನುತ್ತಿದ್ದರು, ಅಷ್ಟಕ್ಕೆ ಮುಗಿಯಿತು. ಮೂರು ಪ್ರಯೋಗಗಳಲ್ಲಿ ಅದನ್ನು ಹತ್ತನೇ ನಿಮಿಷಕ್ಕೆ ತಂದೆ. ತಮ್ಮ ಹೊರಗೆ ಹೋದಾಗ ಅಕ್ಕ ಬೀಗದ ಕೈಯವನಿಗೆ ಹೇಳಿಬಿಡುತ್ತಾಳೆ, ಹೇಳಬೇಡ ಅಂತ ಆಣೆ ಹಾಕಿಸುತ್ತಾಳೆ. ಅಲ್ಲಿಂದ ಮುಂದೆ ತಮ್ಮ ಒಂದೊಂದು ಸಲ ಭುಜ ಕೊಟ್ಟಾಗಲೂ ಸಭೆ ನಗುತ್ತದೆ, ನಕ್ಕಿದ್ದಕ್ಕೆ ತಾನೇ ಮುದುಡುತ್ತದೆ. ಒಂದೇ ಬೀರು, ಒಂದೇ ತಳ್ಳಾಟ, ಎರಡೂ ಕೆಲಸ ಆಗುತ್ತದೆ. ಆರು ಅಳುವ ದೃಶ್ಯಗಳಲ್ಲಿ ನಾಲ್ಕನ್ನು ಅವತ್ತೇ ಹರಿದು ಹಾಕಿದೆ.

ನನ್ನ ಭ್ರಮೆ ಇರಬಹುದು ಅಂತ ಸೀಟಿನ ಕೆಳಗೆ ಫೋನ್ ಇಟ್ಟು ಸಭೆಯ ಸದ್ದು ರೆಕಾರ್ಡ್ ಮಾಡಿದೆ. ಸುಮಾರು ಐದು ಪ್ರಯೋಗ. ಮನೆಯಲ್ಲಿ ಕೇಳುತ್ತಾ ಸ್ಕ್ರಿಪ್ಟ್‌ನಲ್ಲಿ ಗುರುತು ಹಾಕಿದೆ, ನಗುವಿಗೆ ಕೆಂಪು, ನಿಶ್ಶಬ್ದಕ್ಕೆ ನೀಲಿ. ಹುಡುಕುತ್ತಿದ್ದದ್ದು ಈ ಎರಡನ್ನೂ ಅಲ್ಲ, ಅರ್ಧಕ್ಕೆ ನಿಂತ ನಗುವನ್ನು. ಅದು ಕೇಳಿದರೆ ಗೊತ್ತಾಗುತ್ತದೆ, ಬಾಯಿಗೆ ಕೈ ಮುಚ್ಚಿದ ಹಾಗಿರುತ್ತದೆ. ಮೊದಲ ರೂಪದಲ್ಲಿ ಅಂಥದ್ದು ಒಂದೂ ಇರಲಿಲ್ಲ. ಈಗ ಎಂಟೊಂಬತ್ತು ಸಿಗುತ್ತವೆ. ಆ "ಒಳಗೆ ಬಂದಿದ್ದು" ಮಾತು ಮೂರು ಸಲ ಬರುತ್ತದೆ. ತಮ್ಮ ಹೇಳಿದಾಗ ನಗು. ಬೀಗದ ಕೈಯವನು ಗುಟ್ಟು ಮುಚ್ಚಿಟ್ಟುಕೊಂಡು ತಲೆ ಆಡಿಸುತ್ತಾ ಹೇಳಿದಾಗ ಇನ್ನೂ ಜೋರು ನಗು. ಮೂರನೇ ಸಲ ತಮ್ಮ ಅಕ್ಕನ ಕೈ ಹಿಡಿದು ಎಬ್ಬಿಸುವಾಗ ಅವಳು ಹೇಳುತ್ತಾಳೆ, "ಒಳಗೆ ಬಂದಿದ್ದರೆ ತಾನೇ." ಎರಡು ಸೆಕೆಂಡ್ ನಗು ಬರುತ್ತದೆ, ಪಟ್ ಅಂತ ನಿಲ್ಲುತ್ತದೆ. ಆ ಎರಡು ಸೆಕೆಂಡಿನಲ್ಲಿ ಅವಳು ಎಲ್ಲಿ ನೋಡುತ್ತಾಳೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಅದನ್ನು ಬರೆಯುವುದಿಲ್ಲ. ದೀಪ ಯಾವಾಗ ಇಳಿಸುತ್ತೇವೆ ಅನ್ನುವುದನ್ನೂ ಹೇಳುವುದಿಲ್ಲ. ನೋಡಲು ಬನ್ನಿ, ಟಿಕೆಟ್ ತಗೊಂಡು.

ಮಧ್ಯೆ ಸುಮ್ನೆ ಕುತೂಹಲಕ್ಕೆ ಸಭೆಯನ್ನು ರಂಗದ ಎರಡೂ ಬದಿಗೆ ಎದುರುಬದುರು ಕೂರಿಸಿ ನೋಡಿದೆ. ಆಚೆಯವರು ನಗುವುದು ಈಚೆಯವರಿಗೆ ಕಾಣಲಿ ಅಂತ. ಒಳ್ಳೆಯ ಯೋಚನೆ ಅಂದುಕೊಂಡಿದ್ದೆ. ಜನ ನಾಟಕ ಬಿಟ್ಟು ಪರಿಚಯದವರಿಗೆ ಕೈ ಬೀಸುತ್ತಾ ಕೂತರು.

ಒಂದು ವಿಷಯದಲ್ಲಿ ಮಾತ್ರ ನಾನು ಹಠ ಬಿಡಲಿಲ್ಲ, ಅದು ಐರಿಷ್ ನಾಟಕಕಾರ ಬೆಕೆಟ್‌ನಿಂದ ಕಲಿತದ್ದು. 'ವೇಟಿಂಗ್ ಫಾರ್ ಗೋಡೋ' ನಾಟಕದ ಇಂಗ್ಲಿಷ್ ರೂಪಕ್ಕೆ ಅವನು ಎರಡು ಅಂಕಗಳ ಟ್ರಾಜಿಕಾಮಿಡಿ ಅಂತಲೇ ಹೆಸರು ಕೊಟ್ಟಿದ್ದಾನೆ. ಅದರ ಕೊನೆಯಲ್ಲಿ ನೇಣು ಹಾಕಿಕೊಳ್ಳುವ ಮಾತು ಬಂದು ಒಬ್ಬ ಸೊಂಟದ ಹಗ್ಗ ಬಿಚ್ಚುತ್ತಾನೆ, ಪ್ಯಾಂಟು ಜಾರಿ ಬೀಳುತ್ತದೆ. 1953ರ ಮೊದಲ ಪ್ರಯೋಗದ ನಟ ಅದನ್ನು ಅರ್ಧಕ್ಕೆ ಹಿಡಿದುಕೊಂಡನಂತೆ. ಪ್ಯಾಂಟು ಪೂರ್ತಿ ಕಾಲ ಬುಡಕ್ಕೆ ಬೀಳಬೇಕು ಅಂತ ಬೆಕೆಟ್ ನಿರ್ದೇಶಕ ರೋಜೆ ಬ್ಲಾಂಗೆ ಕಾಗದ ಬರೆದ. ನಮ್ಮ ತಮ್ಮನೂ ಹೀಗೇ ಮರ್ಯಾದೆ ಕಾಪಾಡಿಕೊಳ್ಳುತ್ತಿದ್ದ. ಬೀರಿನ ಕೆಳಗೆ ಸಿಕ್ಕಿಕೊಳ್ಳುವಾಗ ಚೆಂದವಾಗಿ, ಕಾಲು ಮಡಚಿ ಸಿಕ್ಕಿಕೊಳ್ಳುತ್ತಿದ್ದ. ಪೂರ್ತಿ ಸಿಕ್ಕಿಕೊಳ್ಳಪ್ಪಾ, ಕೆಟ್ಟದಾಗಿ ಕಾಣು ಅಂತ ದಿನಾ ಬೈದೆ. ಅವನು ಹಾಗೆ ಬಿದ್ದುಕೊಂಡು ಅಮ್ಮನ ಕೊನೆಯ ದಿನಗಳ ಬಗ್ಗೆ ಕೇಳುವಾಗ ಈಗ ಯಾರೂ ಕೆಮ್ಮುವುದಿಲ್ಲ.

ಹಾಕಿದ ದುಡ್ಡು 14ನೇ ಪ್ರಯೋಗದ ಹೊತ್ತಿಗೆ ವಾಪಸ್ ಬಂತು. ಲಾಭ ಅಂತ ದೊಡ್ಡದೇನಿಲ್ಲ, ನಟರಿಗೆ ಸಂಭಾವನೆ ಕೊಟ್ಟು ಬೀರು ಹೊರುವವರಿಗೆ ಕೊಡುವಷ್ಟು ಉಳಿಯುತ್ತದೆ. ಆ ಹಿರಿಯರು ಎರಡು ಸಲ ಬಂದು ನೋಡಿದರು. ಏನೂ ಹೇಳಲಿಲ್ಲ. ಎರಡನೇ ಸಲ ಟಿಕೆಟ್ ಕೊಂಡೇ ಬಂದಿದ್ದರು ಅಂತ ಕೌಂಟರ್‌ನಲ್ಲಿದ್ದ ಹುಡುಗ ಹೇಳಿದ.

17ನೇ ಪ್ರಯೋಗಕ್ಕೆ ಮುಂಚೆ ಸೆಟ್‌ನ ಬಾಗಿಲ ಚೌಕಟ್ಟು ಮುರಿದಿತ್ತು. ರಿಪೇರಿ ಮಾಡಿದವನು ಗಟ್ಟಿಯಾಗಲಿ ಅಂತ ಎರಡು ಬೆರಳು ಅಗಲ ಮಾಡಿಬಿಟ್ಟಿದ್ದ. ನಮಗೆ ಗೊತ್ತಿಲ್ಲ. ಮೊದಲನೇ ತಳ್ಳಿಗೇ ಬೀರು ಸರಾಗವಾಗಿ ಬಾಗಿಲು ದಾಟಿ ವಿಂಗ್‌ಗೆ ಹೋಯಿತು. ತಮ್ಮ ಅದರ ಹಿಂದೆಯೇ ಹೋದ. ಅಕ್ಕ ಒಬ್ಬಳೇ ರಂಗದ ಮೇಲೆ ನಿಂತಿದ್ದಳು. ಮೂರು ನಾಲ್ಕು ಸೆಕೆಂಡ್ ಯಾರಿಗೂ ಉಸಿರಿಲ್ಲ. ಆಮೇಲೆ ಅವಳು ವಿಂಗ್ ಕಡೆ ನೋಡಿ, "ಅದು ಪಕ್ಕದ ಮನೆಯದು ಕಣೋ, ಒಳಗೆ ತಗೊಂಡು ಬಾ" ಅಂದಳು. ಅವತ್ತು ಬಿದ್ದಷ್ಟು ನಗು ಮತ್ತೆ ಬಿದ್ದಿಲ್ಲ. ಆದರೆ ಆಮೇಲೆ ಬೀರು ವಾಪಸ್ ಬಂದು, ದಾಟಬಲ್ಲ ಬಾಗಿಲಲ್ಲಿ ಒಂದೂವರೆ ಗಂಟೆ ಸಿಕ್ಕಿಕೊಂಡ ಹಾಗೆ ನಟಿಸಬೇಕಾಯಿತು. ಈಗ ಪರದೆ ಏಳುವ ಮುಂಚೆ ಟೇಪು ಹಿಡಿದು ಬಾಗಿಲನ್ನು ನಾನೇ ಅಳೆಯುತ್ತೇನೆ. ಎರಡು ಸಲ.