ಆಪ್‌ಆಂಪ್ ಡಿಸ್ಟಾರ್ಷನ್ ಮನೇಲೇ ಅಳೆಯೋದು: ನನ್ನ ಅನುಭವ

ತುಮಕೂರಲ್ಲಿ ಆಂಪ್ಲಿಫೈಯರ್, ಮಿಕ್ಸರ್ ರಿಪೇರಿ ಮಾಡ್ತೀನಿ. ಗುಬ್ಬಿ, ತಿಪಟೂರು ಕಡೆ ಪೌರಾಣಿಕ ನಾಟಕಕ್ಕೆ ಹೋಗೋ ಮೈಕ್‌ಸೆಟ್‌ನೋರ ಸಾಮಾನೇ ಜಾಸ್ತಿ ಬರೋದು, ಹಾರ್ಮೋನಿಯಂ ಮೇಷ್ಟ್ರುಗಳ ದೂರೂ ಹೆಚ್ಚುಕಮ್ಮಿ ಒಂದೇ, "ಮೇಲಕ್ಕೆ ಎತ್ತಿ ಹಾಡಿದ್ರೆ ದನಿ ಒಡೆದಂಗೆ ಕೇಳುತ್ತೆ ಕಣಪ್ಪಾ" ಅಂತ. ಅದಕ್ಕೆ ಎಲ್ಲರೂ ಹೇಳೋ ಮದ್ದು 4558 ಅನ್ನೋ ಆಪ್‌ಆಂಪ್ (ಸಿಗ್ನಲ್ ದೊಡ್ಡದು ಮಾಡೋ ಚಿಕ್ಕ ಐಸಿ) ಕಿತ್ತು ಎನ್‌ಇ 5532 ಹಾಕು ಅನ್ನೋದು. ಹಾಕಿದ್ಮೇಲೆ ಡಿಸ್ಟಾರ್ಷನ್, ಅಂದ್ರೆ ಅಲೆಯ ಆಕಾರ ಕೆಡೋದು, ಎಷ್ಟು ಸುಧಾರಿಸ್ತು ಅಂತ ಕೇಳಿದ್ರೆ ಯಾರ ಹತ್ರಾನೂ ಲೆಕ್ಕ ಇರಲ್ಲ. ನನಗೆ ಲೆಕ್ಕ ಬೇಕಿತ್ತು, ಆಡಿಯೋ ಅನಲೈಸರ್ ತಗೊಳ್ಳೋದು ನಮ್ಮಂಥೋರ ಕೈಲಾಗೋ ಮಾತಲ್ಲ, ಹಂಗಾಗಿ ಲ್ಯಾಪ್‌ಟಾಪು, ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸು, ರೂಮ್ ಇಕ್ಯೂ ವಿಝಾರ್ಡ್ ಅನ್ನೋ ಸಾಫ್ಟ್‌ವೇರು ಇಷ್ಟರಲ್ಲೇ ಶುರು ಮಾಡಿದೆ.

ಮೊದಲು ಅಳೆಯೋ ಸಾಮಾನನ್ನೇ ಅಳೀಬೇಕು. ಇಂಟರ್‌ಫೇಸ್‌ನ ಔಟ್‌ಪುಟ್ ಅದರದೇ ಇನ್‌ಪುಟ್‌ಗೆ ಕೊಟ್ಟು 1 ಕಿಲೋಹರ್ಟ್ಜ್ ಸೈನ್ (ಒಂದೇ ಫ್ರೀಕ್ವೆನ್ಸಿಯ ಶುದ್ಧ ಅಲೆ) ಹಾಕಿ, ಎರಡನೇ ಮೂರನೇ ಹಾರ್ಮೋನಿಕ್ (ಆ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನಲ್ಲಿ ಹುಟ್ಟೋ ಕಲಬೆರಕೆ) ಎಷ್ಟಿದೆ ಅಂತ ಬರೆದಿಟ್ಕೊಳ್ಳಿ. ಲೆವೆಲ್ ಬದಲಾಯಿಸ್ತಾ ನೋಡಿ, ಫುಲ್ ಸ್ಕೇಲ್ (ಅದು ತಡೆಯೋ ಗರಿಷ್ಠ ಲೆವೆಲ್) ಹತ್ರ ಹೋದಂಗೆ ಇಂಟರ್‌ಫೇಸಿನ ಡಿಸ್ಟಾರ್ಷನ್ನೇ ಏರುತ್ತೆ, ಕೆಲವು ಡಿಬಿ ಕೆಳಗೆ ಒಂದು ಒಳ್ಳೆ ಜಾಗ ಸಿಗುತ್ತೆ, ಅಲ್ಲೇ ನಿಂತ್ಕೊಳ್ಳಿ. ಫ್ರೀಕ್ವೆನ್ಸಿ ಸರಿಯಾಗಿ 1000 ಅಂತ ಇಡದೆ ಎಫ್‌ಎಫ್‌ಟಿಗೆ (ಸಿಗ್ನಲ್‌ನ ಫ್ರೀಕ್ವೆನ್ಸಿವಾರು ಬಿಡಿಸಿ ತೋರಿಸೋ ಲೆಕ್ಕ) ಲಾಕ್ ಮಾಡಿ, 48 ಕಿಲೋಹರ್ಟ್ಜ್ ಸ್ಯಾಂಪಲಿಂಗು, 65536 ಪಾಯಿಂಟ್ ಇದ್ರೆ 999.76 ಹರ್ಟ್ಜ್ ಕರೆಕ್ಟಾಗಿ ಒಂದು ಬಿನ್‌ನಲ್ಲಿ, ಅಂದ್ರೆ ಆ ಲೆಕ್ಕದ ಒಂದೇ ಖಾನೆಯಲ್ಲಿ, ಕೂರುತ್ತೆ, ಗೆರೆ ಅಕ್ಕಪಕ್ಕ ಹರಡ್ಕೊಳ್ಳಲ್ಲ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿ ಮೇಲೇ ಓಡಿಸಿ, ಇಲ್ಲಾಂದ್ರೆ ಅರ್ಥ್ ಲೂಪ್‌ನಿಂದ (ಎರಡು ಕಡೆ ಅರ್ಥ್ ಆಗಿ ಕರೆಂಟ್ ಸುತ್ತೋದು) 50, 100, 150 ಹರ್ಟ್ಜ್ ಸಾಲಾಗಿ ಎದ್ದು ನಿಲ್ತವೆ.

ಈಗ ನಿಜವಾದ ಕಷ್ಟ. -100 ಡಿಬಿ ಅಂದ್ರೆ ಮೂಲ ಸಿಗ್ನಲ್‌ನ 0.001 ಪರ್ಸೆಂಟು, ಸಾಧಾರಣ ಇಂಟರ್‌ಫೇಸುಗಳು ಅದರ ಆಸುಪಾಸಲ್ಲೇ ನಿಂತುಬಿಡ್ತವೆ. 5532 ಅದಕ್ಕಿಂತ ಕಮ್ಮಿ ಡಿಸ್ಟಾರ್ಷನ್ ಕೊಡೋ ಐಸಿ, ಹಾಗಾಗಿ ನೇರವಾಗಿ ಅಳೆದ್ರೆ ಸ್ಕ್ರೀನ್ ಮೇಲೆ ಕಾಣೋದು ಇಂಟರ್‌ಫೇಸಿನ ಗುಣ, ಐಸಿದಲ್ಲ. ಇದಕ್ಕೆ ಆಪ್‌ಆಂಪ್ ಡೇಟಾಶೀಟುಗಳಲ್ಲೇ ಒಂದು ಉಪಾಯ ಇದೆ, ನೋಡಿದಾಗ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಅವತ್ತು ರಾತ್ರಿ ಊಟ ಬಿಟ್ಟು ಸೋಲ್ಡರ್ ಮಾಡ್ತಾ ಕೂತಿದ್ದೆ. ಐಸಿನ ಬಫರ್ ಥರ (ಬಂದ ಸಿಗ್ನಲ್‌ನ ಅಷ್ಟೇ ಗಾತ್ರದಲ್ಲಿ ಹೊರಗೆ ಕೊಡೋ ಹಾಗೆ) ಕಟ್ಟಿ, ಸಿಗ್ನಲ್ ಪ್ಲಸ್ ಇನ್‌ಪುಟ್‌ಗೆ, ಔಟ್‌ಪುಟ್‌ನಿಂದ ಮೈನಸ್ ಇನ್‌ಪುಟ್‌ಗೆ 1 ಕೆ ರೆಸಿಸ್ಟರ್, ಆಮೇಲೆ ಪ್ಲಸ್ಸು ಮೈನಸ್ಸು ಎರಡೂ ಇನ್‌ಪುಟ್ ಮಧ್ಯೆ ಒಂದು 10 ಓಮ್. ಎರಡೂ ಇನ್‌ಪುಟ್ ಹೆಚ್ಚುಕಮ್ಮಿ ಒಂದೇ ವೋಲ್ಟೇಜಲ್ಲಿ ಇರೋದ್ರಿಂದ ಸಿಗ್ನಲ್‌ಗೆ ಗೇನ್ 1 ಆಗೇ ಉಳಿಯುತ್ತೆ, ಆದ್ರೆ ಐಸಿ ಮಾಡೋ ತಪ್ಪು ಮಾತ್ರ 101 ಪಟ್ಟು ದೊಡ್ಡದಾಗಿ ಹೊರಗೆ ಬರುತ್ತೆ. ಅಂದ್ರೆ 40 ಡಿಬಿ ಲಾಭ. ಸ್ಕ್ರೀನ್ ಮೇಲೆ -80 ಕಂಡ್ರೆ ನಿಜಕ್ಕೂ -120. ನಾಯ್ಸೂ ಅಷ್ಟೇ ಏರುತ್ತೆ, ಆವರೇಜಿಂಗ್ ಜಾಸ್ತಿ ಇಟ್ರೆ ಹಾರ್ಮೋನಿಕ್ ಅದರೊಳಗಿಂದ ಎದ್ದು ಕಾಣುತ್ತೆ.

ಒಂದು ಎಚ್ಚರ, ಸಿಗ್ನಲ್ ಕೊಡೋ ಕಡೆಯ ಔಟ್‌ಪುಟ್ ರೆಸಿಸ್ಟೆನ್ಸ್ ಕಮ್ಮಿ ಇರಬೇಕು. 100 ಓಮ್ ಇದ್ರೆ 101 ಅನ್ನೋದು 111 ಆಗುತ್ತೆ, ಲೆಕ್ಕ ತಪ್ಪುತ್ತೆ. ಮತ್ತೆ ಬ್ಯಾಂಡ್‌ವಿಡ್ತ್ (ಐಸಿ ಕೆಲಸ ಮಾಡೋ ಫ್ರೀಕ್ವೆನ್ಸಿಯ ಮಿತಿ) ಕೂಡ ಅಷ್ಟೇ ಪಟ್ಟು ಕುಗ್ಗುತ್ತೆ, 10 ಮೆಗಾಹರ್ಟ್ಜ್‌ನ 5532ಗೆ ಸುಮಾರು 100 ಕಿಲೋಹರ್ಟ್ಜ್ ಉಳಿಯುತ್ತೆ, ತೊಂದರೆ ಇಲ್ಲ, 3 ಮೆಗಾಹರ್ಟ್ಜ್‌ನ ಟಿಎಲ್ 072 ಅನ್ನೋ ಆಪ್‌ಆಂಪ್‌ಗೆ 30 ಕಿಲೋಹರ್ಟ್ಜ್ ಅಷ್ಟೆ, ಹಾಗಾಗಿ 10 ಕಿಲೋಹರ್ಟ್ಜ್ ಟೆಸ್ಟ್ ಮಾಡಿದ್ರೆ ಅದರ ಹಾರ್ಮೋನಿಕ್‌ಗಳೇ ಸಣ್ಣದಾಗಿ ಕಂಡು ಐಸಿ ಒಳ್ಳೇದು ಅನ್ನಿಸಿಬಿಡುತ್ತೆ. ಸಿಗ್ನಲ್ ದಾರಿಯಲ್ಲಿ ಡಿಸ್ಕ್ ಕೆಪ್ಯಾಸಿಟರ್ ಬೇಡವೇ ಬೇಡ, ಫಿಲ್ಮ್ ಹಾಕಿ, ರೆಸಿಸ್ಟರ್ ಎಲ್ಲಾ ಮೆಟಲ್ ಫಿಲ್ಮ್.

ಎಲ್‌ಎಂ 358 ಅನ್ನೋ ಇನ್ನೊಂದು ಆಪ್‌ಆಂಪ್‌ಗೆ ಈ ಉಪಾಯವೇ ಬೇಕಾಗಿಲ್ಲ, ನೇರವಾಗೇ ಕಾಣುತ್ತೆ. ಕ್ರಾಸ್‌ಓವರ್ ಡಿಸ್ಟಾರ್ಷನ್ನು (ಅಲೆ ಪ್ಲಸ್‌ನಿಂದ ಮೈನಸ್‌ಗೆ ದಾಟೋ ಜಾಗದಲ್ಲಿ ಕೆಡೋದು), ಮೂರು, ಐದು, ಏಳು, ಒಂಬತ್ತು ಹಾರ್ಮೋನಿಕ್ ಬೇಲಿ ಗೂಟದ ಥರ ನಿಂತಿರ್ತವೆ. ±12 ವೋಲ್ಟ್ ಸಪ್ಲೈನಲ್ಲಿ 10 ಕೆ ಲೋಡ್ ಇಟ್ಟು, ಔಟ್‌ಪುಟ್‌ನಿಂದ ನೆಗೆಟಿವ್ ಸಪ್ಲೈಗೆ ಒಂದು 4.7 ಕೆ ಹಾಕಿದೆ, ಔಟ್‌ಪುಟ್ ಸ್ಟೇಜು ಕ್ಲಾಸ್ ಎ (ಮಧ್ಯೆ ಆಫ್ ಆಗದೆ ಸದಾ ಓಡೋದು) ಆಗಿ ಆ ಸಾಲು ಕಣ್ಣೆದುರೇ ಕುಸಿದೋಯ್ತು. ಆದ್ರೂ ಅದನ್ನ ಮಿಕ್ಸರ್‌ಗೆ ಹಾಕಲ್ಲ ನಾನು, ಸ್ಲ್ಯೂ ರೇಟ್ (ಔಟ್‌ಪುಟ್ ವೋಲ್ಟೇಜ್ ಏರಿಳಿಯೋ ವೇಗ) ಮೈಕ್ರೋಸೆಕೆಂಡಿಗೆ ಬರೀ 0.3 ವೋಲ್ಟು, 5 ವೋಲ್ಟ್ ಆರ್‌ಎಂಎಸ್ ಔಟ್‌ಪುಟ್ ಕೇಳಿದ್ರೆ 7 ಕಿಲೋಹರ್ಟ್ಜ್ ಒಳಗೇ ಸೋತುಬಿಡುತ್ತೆ.

ಟಿಎಲ್ 072 ವಿಷಯ ಬೇರೆ. ನಾನ್‌ಇನ್ವರ್ಟಿಂಗ್‌ನಲ್ಲಿ (ಸಿಗ್ನಲ್ ಪ್ಲಸ್ ಕಡೆ ಕೊಡೋ ಜೋಡಣೆ) ಪ್ಲಸ್ ಇನ್‌ಪುಟ್‌ಗೆ 10 ಕೆ ಸೀರೀಸ್ ಇಟ್ಟು ಫ್ರೀಕ್ವೆನ್ಸಿ ಏರಿಸ್ತಾ ಹೋದ್ರೆ ಡಿಸ್ಟಾರ್ಷನ್ ಏರ್ತಾ ಹೋಗುತ್ತೆ, ಯಾಕಂದ್ರೆ ಒಳಗಿನ ಜೆಫೆಟ್‌ಗಳ (ಇನ್‌ಪುಟ್ ಟ್ರಾನ್ಸಿಸ್ಟರ್‌ಗಳ) ಕೆಪ್ಯಾಸಿಟೆನ್ಸ್ ವೋಲ್ಟೇಜ್ ಜೊತೆ ಬದಲಾಗುತ್ತೆ. ಅದೇ ಐಸಿನ ಇನ್ವರ್ಟಿಂಗ್ (ಸಿಗ್ನಲ್ ಮೈನಸ್ ಕಡೆ) ಮಾಡಿ, ಇನ್‌ಪುಟ್ ಸೊನ್ನೆ ವೋಲ್ಟ್ ಹತ್ರಾನೇ ನಿಲ್ಲೋದ್ರಿಂದ ಆ ಭಾಗ ಹೊರಟುಹೋಗುತ್ತೆ. ವಾಲ್ಯೂಮ್ ಕಂಟ್ರೋಲ್ ಆದ್ಮೇಲೆ 072 ಬಫರ್ ಇರೋ ಮಿಕ್ಸರ್ ಬಿಚ್ಚಿದಾಗ ನಾನು ಮೊದಲು ನೋಡೋದೇ ಇದನ್ನ. ಐಸಿ ಹೆಸರು ಒಂದೇ ನೋಡಿ ಒಳ್ಳೇದು ಕೆಟ್ಟದ್ದು ಅನ್ನೋರ ಮಾತು ನಾನು ಒಪ್ಪಲ್ಲ, ಎಲ್ಲಿ ಕೂರಿಸಿದ್ದೀರಿ, ಎಷ್ಟು ಲೋಡ್ ಕೊಟ್ಟಿದ್ದೀರಿ ಅನ್ನೋದೇ ಅರ್ಧಕ್ಕಿಂತ ಜಾಸ್ತಿ.

ಈ ಸೆಟಪ್‌ನಿಂದ ದುಡ್ಡು ಉಳಿಸಿದ್ದು ಅಂದ್ರೆ ಡೂಪ್ಲಿಕೇಟ್ ಐಸಿ ಹಿಡಿಯೋದು. ಒಂದು ಅಂಗಡಿಯಿಂದ ತಂದ 5532 ಪಟ್ಟಿಯಲ್ಲಿ ಗುರುತೆಲ್ಲ ಚೆನ್ನಾಗೇ ಇತ್ತು, 10 ಕೆ ಲೋಡ್‌ನಲ್ಲಿ ಅಳತೆಯೂ ಸರಿ ಇತ್ತು, 600 ಓಮ್ ಕೊಟ್ಟ ತಕ್ಷಣ ಅಲೆಯ ತಲೆ ಚಪ್ಪಟೆ ಆಯ್ತು. ಅಸಲಿ 5532 ಅಂದ್ರೆ 600 ಓಮ್ ಎಳೆಯೋಕೆ ಅಂತಲೇ ಹೆಸರಾದದ್ದು. ಸ್ಕ್ವೇರ್ ವೇವ್ ಕೊಟ್ಟು ಆಸಿಲೋಸ್ಕೋಪಲ್ಲಿ ಸ್ಲ್ಯೂ ರೇಟ್ ನೋಡಿದ್ರೆ ಮೈಕ್ರೋಸೆಕೆಂಡಿಗೆ 9 ವೋಲ್ಟ್ ಹತ್ರ ಬರಬೇಕಾದದ್ದು 2 ಕೂಡ ಮುಟ್ಟಲಿಲ್ಲ, ನನ್ನ ಪ್ರಕಾರ 4558ಗೇ ಬೇರೆ ಹೆಸರು ಅಚ್ಚು ಹಾಕಿರೋದು. ಈಗ ಬೆಂಗಳೂರು ಎಸ್‌ಪಿ ರೋಡಿಂದ ತಂದ್ರೂ ಪ್ರತಿ ಪಟ್ಟಿಯಿಂದ ಒಂದೆರಡು ತೆಗೆದು 600 ಓಮ್ ಲೋಡ್ ಹಾಕಿ ನೋಡಿಯೇ ಡಬ್ಬಕ್ಕೆ ಹಾಕ್ತೀನಿ. ಟೆಸ್ಟ್‌ಗೆ ಐಸಿ ಸಾಕೆಟ್ ಇಟ್ಟು, ಸಪ್ಲೈ ಪಿನ್ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಹಾಕಿದ ಒಂದು ಚಿಕ್ಕ ಬೋರ್ಡ್ ಕಾಯಂ ಆಗಿ ಮಾಡಿಟ್ಕೊಳ್ಳಿ, ಬ್ರೆಡ್‌ಬೋರ್ಡಲ್ಲಿ ಈ ಅಳತೆ ಬರಲ್ಲ.